ನೆಲೆಯಿಲ್ಲದ ದಿನಗಳಲ್ಲಿ ಅಂಬಿಕಾತನಯದತ್ತರು

ಹೊಟ್ಟೆಪಾಡಿಗೊಂದು ಉದ್ಯೋಗವಿಲ್ಲದವನಿಗೆ ಹಗಲು ಬಲು ದೀರ್ಘವಾದುದು. ಬಡತನಕ್ಕಿಂತಲೂ ಹೆಚ್ಚಾಗಿ ಆತನನ್ನು ಬಾಧಿಸುವುದು, ತಾನು ಯಾರಿಗೂ ಬೇಡವಾದವನೆಂಬ ಕೊರಗು. ಗಡಿನಾಡಿನಲ್ಲಿ ಕನ್ನಡ ಪಾಠ ಹೇಳುವ ನಮ್ಮಂಥವರ ಬಳಿಗೆ ಹಳೆಯ ವಿದ್ಯಾರ್ಥಿಗಳು ಬಂದು, ಕನ್ನಡವನ್ನು ಓದಿದ್ದರಿಂದ ತಮಗೆ ಯಾವ ಬಾಗಿಲು ತೆರೆಯಿತೆಂದು ಕೇಳುವುದುಂಟು. ಆ ಪ್ರಶ್ನೆಗೆ ಸಿದ್ಧೌಷಧವೆಂಬುದು ಯಾವ ಅಧ್ಯಾಪಕನಲ್ಲಿಯೂ ಇಲ್ಲ. ಆದರೆ ನಮ್ಮ ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಕನ್ನಡವನ್ನು ಬೋಧಿಸಿದ ವರಕವಿಗಳು, ಅಲ್ಲಿಗೆ ಬರುವ ಮುನ್ನ ಸುಮಾರು ಹನ್ನೆರಡು ವರ್ಷ ನೆಲೆಯಾದ ಉದ್ಯೋಗವಿಲ್ಲದೆ ಕಳೆದರೆಂಬ ಸಂಗತಿಯನ್ನು ಆ ತರುಣರ ಮುಂದಿಡಬಹುದು. ಸಂಘದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಆ ಚರಿತ್ರೆಯನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ನೆಯ ಇಸವಿ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಮನೆಯ ಮಾತು ಮರಾಠಿ. ಊರಿನ ಮಾತು ಕನ್ನಡ. ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಗಡಿಯ ಮಕ್ಕಳಿಗೆ ಈ ಸ್ಥಿತಿ ಹೊಸದೇನಲ್ಲ. ತಂದೆ ಬಾಲ್ಯದಲ್ಲಿಯೇ ತೀರಿಕೊಂಡರು. ಮನೆಯ ಹೆಣ್ಣುಮಕ್ಕಳು ಖಾನಾವಳಿ ನಡೆಸಿ ಸಂಸಾರವನ್ನು ಸಾಗಿಸಿದರು. ತಾಯಿ ಅಂಬಿಕೆಯ ಋಣವನ್ನು ಮಗನು ಮರೆಯಲಿಲ್ಲ. ತನ್ನ ಕಾವ್ಯನಾಮದಲ್ಲಿಯೇ ಆಕೆಯ ಹೆಸರನ್ನು ಮುಂದಿಟ್ಟುಕೊಂಡು ಅಂಬಿಕಾತನಯದತ್ತನೆನಿಸಿದನು. ಚಿಕ್ಕಪ್ಪನ ಆಸರೆಯಿಂದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿಯನ್ನು ಪಡೆದು, ಧಾರವಾಡಕ್ಕೆ ಮರಳಿ ಶಿಕ್ಷಕ ವೃತ್ತಿಯನ್ನು ಕೈಕೊಂಡರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು.

ಮುಂದಿನ ಹತ್ತು ವರ್ಷ ಉತ್ಸಾಹದ ಕಾಲ. 1922ರಲ್ಲಿ ‘ಕೃಷ್ಣಕುಮಾರಿ’ ಅಚ್ಚಾಯಿತು. ಸಮಾನಮನಸ್ಕರು ಕೂಡಿ ಕಟ್ಟಿದ ಗೆಳೆಯರ ಗುಂಪಿನಲ್ಲಿ ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ, ಶಂ. ಬಾ. ಜೋಶಿ ಮೊದಲಾದವರು ಬೆಳೆದರು. ನಾಡಹಬ್ಬವೆಂಬ ಆಚರಣೆಗೆ ಚಾಲನೆಯಿತ್ತವರೂ ಇವರೇ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಲನದಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೇಂದ್ರೆಯವರು ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವನವನ್ನು ಓದಿದಾಗ, ಹಳೆಯ ಮೈಸೂರಿನಿಂದ ಬಂದ ಸಾಹಿತಿಗಳು ಬೆರಗಾದರು.

ಅಷ್ಟರಲ್ಲಿ ವಿಧಿಯು ಮುಖ ತಿರುಗಿಸಿತು. ‘ಗರಿ’ ಸಂಕಲನದಲ್ಲಿ ಬಂದ ‘ನರಬಲಿ’ ಎಂಬ ಕವನವು ಆಂಗ್ಲ ಸರ್ಕಾರದ ಕಣ್ಣಿಗೆ ರಾಜದ್ರೋಹವಾಗಿ ತೋರಿತು. 1932ರಲ್ಲಿ ಕವಿಯನ್ನು ಬೆಳಗಾವಿಯ ಬಳಿಯ ಹಿಂಡಲಗಾ ಸೆರೆಮನೆಗೆ ಕಳುಹಿಸಲಾಯಿತು. ತರುವಾಯ ಧಾರವಾಡಕ್ಕೆ ಸಮೀಪದ ಮುಗದ ಗ್ರಾಮದಲ್ಲಿ ಅವರನ್ನು ನಿರ್ಬಂಧದಲ್ಲಿರಿಸಿದರು. ಸೆರೆಯ ಅವಧಿ ಮುಗಿದರೂ ಶಿಕ್ಷೆ ಮುಗಿಯಲಿಲ್ಲ. ರಾಜದ್ರೋಹಿಯೆಂಬ ಹೆಸರು ಹೊತ್ತವನಿಗೆ ಕೆಲಸ ಕೊಡಲು ವಿದ್ಯಾಸಂಸ್ಥೆಗಳು ಅಂಜುತ್ತಿದ್ದ ಕಾಲವದು. ಅಲ್ಲಿಷ್ಟು ದಿನ, ಇಲ್ಲಿಷ್ಟು ದಿನವೆಂದು ದೊರೆತ ಕೆಲಸಗಳು ನಿಲ್ಲಲಿಲ್ಲ. ಸಂಸಾರ ದೊಡ್ಡದು, ಕೈ ಬರಿದು.

ಇದಕ್ಕಿಂತ ಘೋರವಾದ ಸಂಕಟವೂ ಆ ಮನೆಯಲ್ಲಿತ್ತು. ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ಮಡಿಲಲ್ಲಿ ಮಗು ಕೊನೆಯುಸಿರಿನಲ್ಲಿರುವಾಗ, ಹೆಂಡತಿಯ ಶೂನ್ಯದೃಷ್ಟಿಯನ್ನು ಎದುರಿಸಲಾರದ ಗಂಡನ ವೇದನೆಯನ್ನು ಅವರು ಹಾಡಾಗಿ ಕಟ್ಟಿದರು. ಆ ಹಾಡಿನಲ್ಲಿ ತತ್ವೋಪದೇಶವಿಲ್ಲ, ಸಮಾಧಾನದ ಮಾತೂ ಇಲ್ಲ. ಇದ್ದ ದುಃಖವನ್ನು ಇದ್ದಂತೆ ಹೇಳಿರುವುದರಿಂದಲೇ, ಮಕ್ಕಳನ್ನು ಕಳೆದುಕೊಂಡ ಎಷ್ಟೋ ಮನೆಗಳಿಗೆ ಅದು ಜೊತೆಯಾಯಿತು.

ಇಂತಹ ದಿನಗಳಲ್ಲಿ ಅವರು ಮಾಡಿದ್ದೇನೆಂಬುದು ವಿಚಾರಾರ್ಹ. ಬೇಸರದಿಂದ ಕೈಕಟ್ಟಿ ಕೂಡಲಿಲ್ಲ. ನಲವತ್ತರ ಅಂಚಿನಲ್ಲಿ, ತರುಣರೊಡನೆ ಪರೀಕ್ಷೆಗೆ ಕುಳಿತು 1935ರಲ್ಲಿ ಎಂ.ಎ. ಪದವಿಯನ್ನು ಪಡೆದರು. 1937ರಲ್ಲಿ ‘ಸಖೀಗೀತ’ ಪ್ರಕಟವಾಯಿತು. ಅದು ತಮ್ಮ ದಾಂಪತ್ಯದ ಏಳುಬೀಳುಗಳನ್ನೇ ವಸ್ತುವಾಗಿಸಿಕೊಂಡು ಸಖಿಯ ಮುಂದೆ ನಿವೇದಿಸಿದ ಕಥನಕಾವ್ಯ. ಅದರ ಬೆನ್ನಿಗೆ ‘ಉಯ್ಯಾಲೆ’, ‘ನಾದಲೀಲೆ’ಗಳು ಹೊರಬಂದವು. ಕಾಳಿದಾಸನ ಮೇಘದೂತವನ್ನು ಕನ್ನಡಿಸಿದರು. ಶ್ರೀ ಅರವಿಂದರ ಚಿಂತನೆಯಲ್ಲಿ ಮನಸ್ಸಿಟ್ಟರು. ಸಾಧನಕೇರಿಯ ಪರಿಸರದಲ್ಲಿ ಮಳೆ, ಬೆಳಕು, ಹಕ್ಕಿ, ಹುಳುಗಳನ್ನು ನೋಡುತ್ತ, ನೋಡಿದುದನ್ನು ಧಾರವಾಡದ ಆಡುಮಾತಿನಲ್ಲಿಯೇ ಹಾಡಿದರು. ಸಂಬಳ ಕೊಡುವವರಿಲ್ಲದಿದ್ದರೂ ದಿನದ ದುಡಿಮೆ ತಪ್ಪಲಿಲ್ಲ.

ಇದನ್ನು ಓದಿ, ಬಡತನವೇ ಕಾವ್ಯವನ್ನು ಹುಟ್ಟಿಸಿತೆಂದು ಯಾರೂ ತಿಳಿಯಬಾರದು. ಬಡತನವು ಹೊಟ್ಟೆಯನ್ನು ಸುಡುವುದೇ ಹೊರತು ಯಾರಿಗೂ ಪ್ರತಿಭೆಯನ್ನು ದಯಪಾಲಿಸುವುದಿಲ್ಲ. ಅದರ ಭಾರವನ್ನು ಹೊತ್ತವರು ಕವಿಯೊಬ್ಬರೇ ಅಲ್ಲ. ಒಲೆಯ ಮುಂದೆ ನಿಂತ ಲಕ್ಷ್ಮೀಬಾಯಿಯವರ ಪಾಲು ಅದರಲ್ಲಿ ಕಡಮೆಯದಲ್ಲ. ಗೆಳೆಯರು ಕೈಬಿಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಕಠಿನ. ಆದುದರಿಂದ ಅವರ ಆನಂದವು ಕಷ್ಟವನ್ನು ಮರೆಯಿಸುವ ಅಮಲಾಗಿರಲಿಲ್ಲ. ಕಷ್ಟವನ್ನು ಕಷ್ಟವೆಂದೇ ಅರಿತು, ಅದರ ನಡುವೆ ತನ್ನ ಕೈಯಿಂದಾಗುವ ಕೆಲಸವೊಂದನ್ನು ಬಿಡದೆ ಮಾಡುವವನಿಗೆ ಮಾತ್ರ ಲಭಿಸುವ ಆನಂದವದು.

1943ರಲ್ಲಿ ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಬೇಂದ್ರೆಯವರೇ ಅಧ್ಯಕ್ಷರಾದರು. ನಾಡು ಅವರನ್ನು ಅತ್ಯುನ್ನತ ಪೀಠದಲ್ಲಿ ಕೂರಿಸಿದಾಗಲೂ ಜೀವನೋಪಾಯಕ್ಕೆ ಗಟ್ಟಿಯಾದ ನೆಲೆ ದೊರೆತಿರಲಿಲ್ಲವೆಂಬುದು ನಾಡಿಗೆ ಹೆಮ್ಮೆಯ ವಿಷಯವಲ್ಲ. ಮರುವರ್ಷ, 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಕನ್ನಡದ ಕವಿಗೆ ಅನ್ನದ ನೆಲೆಯನ್ನು ಕೊಟ್ಟ ಊರು ಗಡಿಯ ಊರು! ಸಿದ್ಧರಾಮೇಶ್ವರರು ಕೆರೆ ತೋಡಿಸಿ, ಕಾಯಕದ ಮಹಿಮೆಯನ್ನು ತೋರಿದ ಸೊನ್ನಲಿಗೆ. ಮಗ್ಗದ ಸದ್ದು, ಗಿರಣಿಯ ಕೂಗು, ಮರಾಠಿ, ತೆಲುಗು, ಕನ್ನಡಗಳು ಒಂದೇ ಪೇಟೆಯಲ್ಲಿ ಬೆರೆಯುವ ಪಟ್ಟಣ. ಇಲ್ಲಿದ್ದ ಕಾಲದಲ್ಲಿಯೇ, 1951ರಲ್ಲಿ, ‘ಗಂಗಾವತರಣ’ ಪ್ರಕಟವಾಯಿತು. ನಿವೃತ್ತರಾಗಿ 1956ರಲ್ಲಿ ಅವರು ಧಾರವಾಡಕ್ಕೆ ಹಿಂದಿರುಗಿದರು. ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ, ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಗಡಿಯಾಚೆ ಉಳಿಯಿತು.

ಮುಂದಿನ ಕೀರ್ತಿಯ ಕಥೆ ಎಲ್ಲರೂ ಬಲ್ಲದ್ದು. ‘ಅರಳು ಮರಳು’ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ‘ನಾಕು ತಂತಿ’ಗೆ 1973ರ ಜ್ಞಾನಪೀಠ ಸಂದವು. 1981ರ ಅಕ್ಟೋಬರ್ 26ರಂದು ಅವರು ಮುಂಬಯಿಯಲ್ಲಿ ನಿಧನ ಹೊಂದಿದರು.

ಆದರೆ ಕೆಲಸವಿಲ್ಲದೆ ಕುಳಿತಿರುವ ತರುಣನಿಗೆ ಪ್ರಶಸ್ತಿಗಳ ಪಟ್ಟಿಯಿಂದ ಪ್ರಯೋಜನವಿಲ್ಲ. ಎಲ್ಲರೂ ಬೇಂದ್ರೆಯಾಗಲಾರರು, ಆಗಬೇಕಾಗಿಯೂ ಇಲ್ಲ. 1932ರಿಂದ 1944ರವರೆಗಿನ ಆ ಬವಣೆಯ ದಿನಗಳನ್ನು ಆತನು ನೋಡಲಿ. ಮುಂದೆ ಏನು ಕಾದಿದೆಯೆಂಬುದು ಆಗ ಕವಿಗೂ ತಿಳಿದಿರಲಿಲ್ಲ. ತಿಳಿಯದೆಯೇ ಓದಿದರು, ಬರೆದರು, ಗೆಳೆಯರೊಡನೆ ಕೂಡಿದರು, ಹಾಡಿದರು. ನಮ್ಮ ಕರ್ತವ್ಯವೂ ಇಷ್ಟರಿಂದಲೇ ಸ್ಪಷ್ಟವಾಗುವುದು. ಅಂಥ ತರುಣನಿಗೆ ಉದ್ಯೋಗವನ್ನು ಕೊಡಿಸುವ ಶಕ್ತಿ ನಮ್ಮ ಸಂಘಕ್ಕೆ ಇಲ್ಲದಿರಬಹುದು. ಓದಲು ಪುಸ್ತಕವನ್ನೂ, ಕೂಡಿ ಮಾತನಾಡಲು ಜಗುಲಿಯನ್ನೂ, ಮಕ್ಕಳಿಗೆ ನಾಲ್ಕಕ್ಷರ ಕಲಿಸುವ ಹೊಣೆಯನ್ನೂ ಕೊಡುವುದು ನಮ್ಮಿಂದಾಗುವ ಕಾರ್ಯ. ಗೆಳೆಯರ ಗುಂಪು ಅಂದು ಬೇಂದ್ರೆಯವರಿಗೆ ಆಸರೆಯಾದಂತೆ, ಗಡಿನಾಡಿನ ಸಂಘಗಳು ತಮ್ಮ ಊರಿನ ತರುಣರಿಗೆ ಆಸರೆಯಾಗಲೆಂದು ಹಾರೈಸುತ್ತೇನೆ.