ಮನೆಮನೆಯ ಶುಶ್ರೂಷೆಗೆ ದಾರಿದೀಪ: ಫ್ಲಾರೆನ್ಸ್ ನೈಟಿಂಗೇಲ್

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ವೈದ್ಯರು ಅವರ ಬಳಿ ಕಳೆಯುವುದು ಕೆಲವೇ ನಿಮಿಷ. ಉಳಿದ ಹಗಲನ್ನೂ ಇರುಳನ್ನೂ ಕಾಯುವವರು ತಾಯಿ, ಮಡದಿ, ಮಗಳು, ಸೊಸೆ. ಈ ಸೇವೆ ಎಷ್ಟು ಪುರಾತನವೋ ಅಷ್ಟೇ ಅಲಕ್ಷಿತವಾದುದು. ಇದಕ್ಕೂ ಒಂದು ಶಾಸ್ತ್ರವುಂಟು, ಅದನ್ನು ಕಲಿಯಬಹುದು, ಕಲಿಸಬಹುದು ಎಂಬುದನ್ನು ಲೋಕಕ್ಕೆ ಮನಗಾಣಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದು ಯುದ್ಧಕಾಲದ ಆಸ್ಪತ್ರೆಯಲ್ಲಿ ಸಂಚರಿಸಿದ ಮಹಿಳೆಯೆಂದು ಅವರನ್ನು ಬಲ್ಲವರು ಅನೇಕರು. ಮನೆಯೊಳಗೆ ಆರೈಕೆ ಮಾಡುವವರಿಗಾಗಿ ಅವರು ದುಡಿದುದನ್ನು ಬಲ್ಲವರು ವಿರಳ.

ಫ್ಲಾರೆನ್ಸ್ ಜನಿಸಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಇಂಗ್ಲೆಂಡಿನ ಸಿರಿವಂತ ಭೂಮಾಲಿಕರು, ವಿದ್ಯಾವಂತರು. ಮಗಳಿಗೆ ಸ್ವತಃ ಭಾಷೆಗಳನ್ನೂ ಇತಿಹಾಸ, ತತ್ತ್ವಶಾಸ್ತ್ರಗಳನ್ನೂ ಕಲಿಸಿದರು. ಹದಿನಾರರ ಹರೆಯದಲ್ಲಿ, 1837ರಲ್ಲಿ, ದೇವರು ತಮ್ಮನ್ನು ಸೇವೆಗೆ ಕರೆದನೆಂಬ ದೃಢ ಭಾವನೆ ಅವರಲ್ಲಿ ಮೂಡಿತು. 1845ರಲ್ಲಿ ಅವರು ಕಾಯಿಲೆ ಬಿದ್ದ ಅಜ್ಜಿಯನ್ನೂ, ಮನೆಯ ವೃದ್ಧ ದಾದಿಯನ್ನೂ ಉಪಚರಿಸಿದರು. ಪ್ರೀತಿಯೊಂದಿದ್ದರೆ ಸಾಲದು, ತಿಳಿವಳಿಕೆಯೂ ಬೇಕೆಂಬ ನಿಶ್ಚಯ ಬಲಿಯಿತು. ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ತರಬೇತಿ ಪಡೆಯಲು ಅವರು ಅನುಮತಿ ಕೇಳಿದಾಗ ಮನೆಯಲ್ಲಿ ಕೋಲಾಹಲವೇ ಎದ್ದಿತು. ಅಂದು ದಾದಿಯ ವೃತ್ತಿ ಕುಲೀನರಿಗೆ ಸಲ್ಲದ ಕೆಲಸವೆನಿಸಿತ್ತು. ಹಟಬಿಡದೆ ಕಾದ ಫ್ಲಾರೆನ್ಸ್ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ಶಿಕ್ಷಣ ಪಡೆದರು. 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು.

ಕ್ರಿಮಿಯನ್ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ಅವರು ತುರ್ಕಿಯ ಸ್ಕುಟಾರಿಯನ್ನು ತಲುಪಿದ ಕಥೆ ಸರ್ವವಿದಿತ. ಅಲ್ಲಿ ಗಾಯಗಳಿಂದ ಮಡಿದವರಿಗಿಂತ ಕೊಳಕಿನಿಂದ ಹಬ್ಬಿದ ರೋಗಗಳಿಂದ ಮಡಿದವರೇ ಹಲವು ಪಟ್ಟು ಹೆಚ್ಚು. 1855ರ ಮಾರ್ಚಿನಲ್ಲಿ ಬಂದ ಸರ್ಕಾರಿ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುದ್ಧಗೊಳಿಸಿ ಗಾಳಿಯಾಡುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ಇಳಿಯಿತು. ಆ ಪಾಠವನ್ನು ಅವರು ಎಂದೂ ಮರೆಯಲಿಲ್ಲ. ಯುದ್ಧಭೂಮಿಯಲ್ಲಿ ತಗಲಿದ ಜ್ವರ ಅವರ ದೇಹವನ್ನು ಜರ್ಜರಿತಗೊಳಿಸಿತು. 1857ರಿಂದ ಅನೇಕ ವರ್ಷಗಳ ಕಾಲ ಅವರು ಬಹುಪಾಲು ಹಾಸಿಗೆಯಲ್ಲಿಯೇ ಇದ್ದರು. ಹೀಗೆ ಉಪಚರಿಸುವವರ ಕಷ್ಟವನ್ನು ಬಲ್ಲಂತೆ ಉಪಚಾರ ಪಡೆಯುವವರ ಸಂಕಟವನ್ನೂ ಅನುಭವದಿಂದಲೇ ಅರಿತರು.

ಈ ಎರಡೂ ಅನುಭವಗಳ ಫಲವೇ 1860ರ ಆರಂಭದಲ್ಲಿ ಹೊರಬಂದ ಅವರ ಶುಶ್ರೂಷಾ ಗ್ರಂಥ. ಇದನ್ನು ಅವರು ಬರೆದದ್ದು ವೃತ್ತಿನಿರತ ದಾದಿಯರಿಗಾಗಿ ಅಲ್ಲ. ಮನೆಯಲ್ಲಿ ಮಗುವನ್ನೋ ರೋಗಿಯನ್ನೋ ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ. ಕೋಣೆಯಲ್ಲಿ ಶುದ್ಧವಾದ ಗಾಳಿ ಆಡಬೇಕು, ಆದರೆ ರೋಗಿಗೆ ಚಳಿಯಾಗಬಾರದು. ಬೆಳಕು ಬೀಳಬೇಕು. ಉಪಚರಿಸುವವರು ದಿನದಲ್ಲಿ ಹಲವು ಸಲ ಕೈ ತೊಳೆಯಬೇಕು. ಮೊದಲ ನಿದ್ದೆಯಿಂದ ರೋಗಿಯನ್ನು ಎಬ್ಬಿಸಬಾರದು. ಬಾಗಿಲ ಹೊರಗೆ ಪಿಸುಮಾತಾಡಿ ಕಳವಳಗೊಳಿಸಬಾರದು. ಉಣ್ಣದೆ ಬಿಟ್ಟ ಆಹಾರವನ್ನು ಹಾಸಿಗೆಯ ಪಕ್ಕದಲ್ಲಿ ಇಡಬಾರದು. ಮಾತಾಡುವಾಗ ರೋಗಿ ಕತ್ತು ತಿರುಗಿಸಬೇಕಾಗದಂತೆ ಎದುರಿಗೆ ಕುಳಿತುಕೊಳ್ಳಬೇಕು. ಬೇಗ ಗುಣವಾಗುವುದೆಂಬ ಪೊಳ್ಳು ಸಮಾಧಾನಕ್ಕಿಂತ ಕಣ್ಣಾರೆ ಕಂಡುದನ್ನು ವೈದ್ಯರಿಗೆ ಯಥಾವತ್ತಾಗಿ ತಿಳಿಸುವುದು ಮೇಲು. ಇವು ಅಲ್ಲಿಯ ಬೋಧನೆಗಳಲ್ಲಿ ಕೆಲವು.

ಇವೆಲ್ಲಕ್ಕೂ ಮಿಗಿಲಾದ ಉಪದೇಶ ಮತ್ತೊಂದಿದೆ. ತಾನು ಎದುರಿಗಿದ್ದಾಗ ಆಗುವ ಕೆಲಸ ತಾನಿಲ್ಲದಾಗಲೂ ಆಗುವಂತೆ ಏರ್ಪಾಡು ಮಾಡುವುದೇ ನಿಜವಾದ ಹೊಣೆಗಾರಿಕೆ ಎಂಬುದು ಅವರ ಮತ. ಹೊರಗೆ ಹೋಗುವ ಮುನ್ನ ಎಷ್ಟು ಹೊತ್ತಿಗೆ ಹಿಂತಿರುಗುವೆನೆಂದು ರೋಗಿಗೆ ಹೇಳಿ ಹೋಗಬೇಕೆಂದೂ ಅವರು ವಿಧಿಸಿದರು. ತನ್ನನ್ನು ಬಿಟ್ಟರೆ ಗತಿಯಿಲ್ಲವೆಂದು ಹಗಲಿರುಳು ಸವೆಯುವ ಗೃಹಿಣಿಗೆ ಇದಕ್ಕಿಂತ ಹಿತವಾದ ಮಾತುಂಟೇ? 1861ರಲ್ಲಿ ಶ್ರಮಜೀವಿಗಳಿಗಾಗಿ ಹೊರತಂದ ಆವೃತ್ತಿಯಲ್ಲಿ, ತಮ್ಮ ತಂಗಿಯರನ್ನೂ ತಮ್ಮಂದಿರನ್ನೂ ಎತ್ತಿ ಆಡಿಸುವ ಬಡ ಹುಡುಗಿಯರಿಗಾಗಿಯೇ ಒಂದು ಅಧ್ಯಾಯವನ್ನು ಸೇರಿಸಿದರು. ಸಾಂಕ್ರಾಮಿಕತೆಯ ವಿಷಯದಲ್ಲಿ ಅವರ ಅಂದಿನ ಕೆಲವು ಅಭಿಪ್ರಾಯಗಳನ್ನು ಮುಂದಿನ ಸೂಕ್ಷ್ಮಾಣು ವಿಜ್ಞಾನ ತಿದ್ದಿತು. ಶುಚಿತ್ವ, ಗಾಳಿ, ಬೆಳಕುಗಳ ಬೋಧೆ ಮಾತ್ರ ಅಚಲವಾಗಿ ನಿಂತಿದೆ.

ಉಪದೇಶವೊಂದರಿಂದಲೇ ಮನೆಮಂದಿಯ ಭಾರ ಇಳಿಯದೆಂಬುದನ್ನೂ ಅವರು ಬಲ್ಲವರಾಗಿದ್ದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನ್ ಅವರು 1859ರಲ್ಲಿ ತಮ್ಮ ಪತ್ನಿಯ ಕೊನೆಗಾಲದಲ್ಲಿ ಮನೆಗೆ ದಾದಿಯೊಬ್ಬರನ್ನು ಕರೆಸಿಕೊಂಡು ನೆಮ್ಮದಿ ಕಂಡಿದ್ದರು. ಆ ನೆಮ್ಮದಿ ಬಡವರಿಗೂ ದೊರೆಯಲೆಂದು ಅವರು ಹಂಬಲಿಸಿದಾಗ ಸಲಹೆ ನೀಡಿದವರು ನೈಟಿಂಗೇಲ್. ಅದರಿಂದ ಬಡವರ ಮನೆಬಾಗಿಲಿಗೇ ಹೋಗುವ ದಾದಿಯರ ವ್ಯವಸ್ಥೆ ಬೆಳೆಯಿತು. ಆ ದಾದಿ ರೋಗಿಯನ್ನು ಉಪಚರಿಸಿದರಷ್ಟೇ ಸಾಲದು, ಕೋಣೆಯನ್ನು ಓರಣಗೊಳಿಸಿ, ಹಾಗೆಯೇ ಇರಿಸಿಕೊಳ್ಳುವ ಬಗೆಯನ್ನು ಮನೆಯವರಿಗೂ ಕಲಿಸಬೇಕೆಂಬುದು ಅವರ ಆಶಯವಾಗಿತ್ತು.

ಬದುಕು ಅವರನ್ನು ಮತ್ತೊಮ್ಮೆ ಪರೀಕ್ಷಿಸಿತು. 1874ರಲ್ಲಿ ತಂದೆ ತೀರಿಕೊಂಡರು. ತಾಯಿ ದೃಷ್ಟಿ ಕುಂದಿ, ನೆನಪು ಮಾಸಿ, ಪರಾಧೀನರಾಗಿದ್ದರು. ಒಂದು ಕಾಲಕ್ಕೆ ಮಗಳ ಹಾದಿಗೆ ಅಡ್ಡಿಯಾಗಿದ್ದ ಆ ತಾಯಿಯ ಹೊಣೆಯನ್ನು, ತಾವೇ ಅಸ್ವಸ್ಥರಾಗಿದ್ದ ಫ್ಲಾರೆನ್ಸ್, ಕೈಯಲ್ಲಿದ್ದ ಕಾರ್ಯಗಳನ್ನು ಬದಿಗಿಟ್ಟು ಹೊತ್ತರು. 1880ರಲ್ಲಿ ತಾಯಿ ಕಣ್ಮುಚ್ಚುವವರೆಗೂ ಆ ಹೊರೆ ಅವರ ಮೇಲಿತ್ತು. ಇತರರಿಗೆ ಬೋಧಿಸಿದ್ದನ್ನು ಅವರು ತಮ್ಮ ಮನೆಯಲ್ಲಿಯೂ ಆಚರಿಸಬೇಕಾಯಿತು.

1907ರಲ್ಲಿ ಬ್ರಿಟಿಷ್ ದೊರೆಯಿಂದ ಆರ್ಡರ್ ಆಫ್ ಮೆರಿಟ್ ಗೌರವವನ್ನು ಪಡೆದ ಮೊದಲ ಮಹಿಳೆ ಅವರಾದರು. 1910ರ ಆಗಸ್ಟ್ 13ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ಒದಗಿ ಬಂದರೂ ಬಂಧುಗಳು ಒಪ್ಪದೆ ಹ್ಯಾಂಪ್‌ಷೈರಿನ ಹಳ್ಳಿಯ ಚರ್ಚಿನ ಆವರಣದಲ್ಲಿ ಮಣ್ಣು ಮಾಡಿದರು. ಅಲ್ಲಿಯ ಕಲ್ಲಿನ ಮೇಲೆ ಅವರ ಪೂರ್ಣ ನಾಮಧೇಯವೂ ಇಲ್ಲ. ಎರಡು ಮೊದಲಕ್ಷರಗಳು, ಜನನ ಮರಣಗಳ ದಿನಾಂಕಗಳು, ಅಷ್ಟೇ. ಅವರ ಜನ್ಮದಿನವಾದ ಮೇ 12ನ್ನು ಲೋಕವು ದಾದಿಯರ ದಿನವಾಗಿ ಆಚರಿಸುತ್ತಿದೆ. ಅಂದು ಆಸ್ಪತ್ರೆಯ ದಾದಿಯರೊಡನೆ, ಸಂಬಳವೂ ರಜೆಯೂ ಇಲ್ಲದೆ ಮನೆಯ ರೋಗಿಯ ಬಳಿ ಎಚ್ಚರವಿರುವವರನ್ನೂ ನೆನೆದು, ಒಂದು ರಾತ್ರಿಯಾದರೂ ಅವರಿಗೆ ಬಿಡುವು ದೊರೆಯುವಂತೆ ಹೆಗಲು ಕೊಟ್ಟರೆ ಆ ಮಹನೀಯೆಯ ಸ್ಮರಣೆ ಸಾರ್ಥಕವಾದೀತು.