ಸಮುದ್ರದಾಚೆ ಓದಿ ಸಾಂಗಲಿಗೆ ಬಂದ ಗೋಕಾಕರು



ಆಗಸ್ಟ್ 9 ಡಾ. ವಿನಾಯಕ ಕೃಷ್ಣ ಗೋಕಾಕರ ಜನ್ಮದಿನ. ಗೋಕಾಕರೆಂದ ಕೂಡಲೇ ನಮಗೆಲ್ಲ ನೆನಪಾಗುವುದು ಗೋಕಾಕ ವರದಿ, ಚಳವಳಿ, ಜ್ಞಾನಪೀಠ. ಈ ಸಲ ನಾವು ನೆನೆಯಬೇಕೆಂದಿರುವುದು ಮನೆ, ಮಾತು, ಗೆಳೆಯರನ್ನು ಬಿಟ್ಟು ಪರದೇಶಕ್ಕೆ ಓದಲು ಹೋದ ಗೋಕಾಕರನ್ನು. ಅದಕ್ಕೆ ಕಾರಣವೂ ಇದೆ. ಬೆಳುಂಕಿ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ಮಕ್ಕಳು ಈಗ ಪುಣೆ, ಬೆಂಗಳೂರು ದಾಟಿ ಹೊರದೇಶಗಳಿಗೂ ಓದಲು ಹೋಗುತ್ತಿದ್ದಾರೆ. ಫೋನಿನಲ್ಲಿ ಆರಾಮ ಇದ್ದೇವೆ ಅನ್ನುತ್ತಾರೆ. ಆದರೆ ದನಿ ಕೇಳಿದ ತಾಯಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ.

ಗೋಕಾಕರು ಹುಟ್ಟಿದ್ದು 1909ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ನಮ್ಮ ಜತ್ತದಂತೆ ಸವಣೂರೂ ಆಗ ಒಂದು ಪುಟ್ಟ ಸಂಸ್ಥಾನ. ಎಲೆಬಳ್ಳಿಯ ತೋಟಗಳಿಗೆ ಹೆಸರಾದ ಊರು. ಸಮುದ್ರ ಅಲ್ಲಿಂದ ದೂರ. ಮುಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಬೇಂದ್ರೆಯವರ ಒಡನಾಟ ಸಿಕ್ಕಿತು, ಗೆಳೆಯರ ಗುಂಪಿನಲ್ಲಿ ಬೆರೆತರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತರುಣನನ್ನು ಕನ್ನಡದ ಕಡೆಗೆ ಒಲಿಸಿದವರಲ್ಲಿ ಬೇಂದ್ರೆ ಮುಖ್ಯರು. ವಿನಾಯಕ ಎಂಬುದೇ ಅವರ ಕಾವ್ಯನಾಮವಾಯಿತು.

1931ರಲ್ಲಿ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿ 1936ರಲ್ಲಿ ಅವರನ್ನು ಹೆಚ್ಚಿನ ಓದಿಗೆ ಆಕ್ಸ್‌ಫರ್ಡಿಗೆ ಕಳಿಸಿತು. ಆಗ ಅವರಿಗೆ 27 ವರ್ಷ.

ಆ ಕಾಲದ ಪ್ರಯಾಣವನ್ನು ನಾವು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಮುಂಬಯಿಯಲ್ಲಿ ಹಡಗು ಹತ್ತಿದರೆ ಏಡನ್, ಸುಯೆಜ್ ಕಾಲುವೆ, ಮೆಡಿಟರೇನಿಯನ್ ದಾಟಿ ಇಂಗ್ಲೆಂಡ್ ಮುಟ್ಟಲು ಎರಡು ಮೂರು ವಾರ. ಹಡಗಿನ ಟಪಾಲೂ ಅಷ್ಟೇ ನಿಧಾನ. ಮನೆಗೆ ಬರೆದ ಪತ್ರಕ್ಕೆ ಉತ್ತರ ಕೈಸೇರುವಷ್ಟರಲ್ಲಿ ಒಂದು ತಿಂಗಳು ಕಳೆಯುತ್ತಿತ್ತು. ಅಲ್ಲಿನ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ ಪಾಠದ ಅವಧಿ ಮೂರು, ಒಂದೊಂದು ಎಂಟು ವಾರ, ಉಳಿದದ್ದೆಲ್ಲ ರಜೆ. ಪಾಠ ನಡೆಯುವಾಗ ಕೆಲಸದಲ್ಲಿ ಮನಸ್ಸು ಮುಳುಗಿರುತ್ತದೆ. ರಜೆ ಬಂದು ಅಲ್ಲಿನ ಹುಡುಗರು ಊರಿಗೆ ಹೋದಾಗ, ಹೋಗಲಾರದವರಿಗೆ ಊರು ಕಾಡತೊಡಗುತ್ತದೆ. ಇಂದು ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೂ ಕಷ್ಟದ ದಿನಗಳು ಅವೇ.

ಹಾಗೆ ಉಳಿದವರು ಒಬ್ಬರಿಗೊಬ್ಬರು ಆಸರೆಯಾಗುತ್ತಿದ್ದರು. ಆಕ್ಸ್‌ಫರ್ಡಿನ ಭಾರತೀಯ ವಿದ್ಯಾರ್ಥಿಗಳು 1896ರಲ್ಲೇ ಮಜ್ಲಿಸ್ ಎಂಬ ಕೂಟ ಕಟ್ಟಿಕೊಂಡಿದ್ದರು. ಅಲ್ಲಿ ಸೇರಿ ಚರ್ಚಿಸುತ್ತಿದ್ದರು. ದೂರದಲ್ಲಿದ್ದಾಗ ಸಂಘವೊಂದು ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ.

ಗೋಕಾಕರು ತಾವು ಕಂಡದ್ದನ್ನು ಕನ್ನಡದಲ್ಲಿ ಬರೆದಿಟ್ಟರು. ಓದು ಇಂಗ್ಲಿಷ್ ಸಾಹಿತ್ಯ, ಸುತ್ತ ಇಂಗ್ಲಿಷ್ ಮಾತು. ಆದರೂ ಆ ಪ್ರವಾಸದ ಅನುಭವ ಕನ್ನಡಿಗರಿಗೆ ಸಿಕ್ಕಿದ್ದು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವಾಗಿ. ಬಯಲುನಾಡಿನ ಕವಿಗೆ ಕಡಲು ಕೊಟ್ಟ ಅನುಭವ ‘ಸಮುದ್ರ ಗೀತೆಗಳು’ ಎಂಬ ಸಂಕಲನವಾಯಿತು. ಕನ್ನಡ ಕಾವ್ಯ ಹೊಸ ದಾರಿ ಹಿಡಿಯುವುದರಲ್ಲಿ ಆ ಸಂಕಲನದ ಪಾಲೂ ಇದೆ. ಓದನ್ನೂ ಅವರು ಸಡಿಲ ಬಿಡಲಿಲ್ಲ. 1938ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಹಿಂತಿರುಗಿದ ಗೋಕಾಕರು ಬಂದು ನಿಂತದ್ದು ನಮ್ಮ ಜಿಲ್ಲೆಯಲ್ಲಿ! ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೆ ಪ್ರಾಂಶುಪಾಲರಾದರು. ಅದೇ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದೀರ್ಘಕಾಲ ಕನ್ನಡ ಕಲಿಸಿದರು. ಮರಾಠಿ ಊರಿನಲ್ಲಿ ಕನ್ನಡದ ಇಬ್ಬರು ದೊಡ್ಡವರು ಕೆಲಸ ಮಾಡಿದ ಈ ಸಂಗತಿಯನ್ನು ಇಂದು ಸಾಂಗಲಿಯಲ್ಲಿ ಓದುವ ನಮ್ಮ ಮಕ್ಕಳು ತಿಳಿದಿರಬೇಕು.

ಮುಂದಿನ ದಾರಿ ಉದ್ದದ್ದು: ಕೊಲ್ಹಾಪುರದ ರಾಜಾರಾಮ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆ. 1960ರಲ್ಲಿ ‘ದ್ಯಾವಾಪೃಥಿವೀ’ಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1990ರ ಜ್ಞಾನಪೀಠ, ನಡುವೆ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೇಳಿದ ವರದಿ. 1992ರ ಏಪ್ರಿಲ್ 28ರಂದು ಮುಂಬಯಿಯಲ್ಲಿ ತೀರಿಕೊಂಡರು.

ಗೋಕಾಕರನ್ನು ತೋರಿಸಿ ನಮ್ಮ ಮಕ್ಕಳಿಗೆ ಗಟ್ಟಿಯಾಗಿರು ಎಂದು ಬುದ್ಧಿ ಹೇಳುವುದು ಸರಿಯಲ್ಲ ಎಂದು ನಮಗನಿಸುತ್ತದೆ. ಅವರು ಹೋದದ್ದು 27ಕ್ಕೆ, ಕೈಯಲ್ಲಿ ಕೆಲಸವಿತ್ತು, ಕಳಿಸಿದ ಸಂಸ್ಥೆ ಬೆನ್ನಿಗಿತ್ತು. ನಮ್ಮವರು ಹದಿನೆಂಟು ಇಪ್ಪತ್ತಕ್ಕೆ ಹೋಗುತ್ತಾರೆ. ಎಷ್ಟೋ ಜನರ ಹೆಗಲ ಮೇಲೆ ಬ್ಯಾಂಕಿನ ಸಾಲ. ಮನೆಯ ನೆನಪಾಗಿ ಅತ್ತೆ ಎಂದು ಹೇಳಲೂ ಸಂಕೋಚ. ಅದು ಸೋಲಲ್ಲ ಎಂಬುದನ್ನು ನಾವೇ ಮೊದಲು ಹೇಳಬೇಕು. ದಿನಕ್ಕೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡು, ನಮ್ಮ ಮಾತಿನವರು ಒಬ್ಬರಾದರೂ ಸಿಗುತ್ತಾರೇನೋ ನೋಡು, ರಜೆಗೆ ಒಂದು ಕೆಲಸ ಹಚ್ಚಿಕೋ, ಬಹಳ ಭಾರವಾದರೆ ಕಾಲೇಜಿನ ಆಪ್ತ ಸಲಹೆಗಾರರನ್ನು ಕಾಣು ಎನ್ನಬೇಕು.

ಈ ಆಗಸ್ಟ್ 9ರಂದು ಸದಸ್ಯರೆಲ್ಲ ಒಂದು ಕೆಲಸ ಮಾಡೋಣ. ಮಕ್ಕಳು ದೂರವಿರುವ ಪ್ರತಿ ಮನೆಯವರೂ ಕಾಗದದ ಮೇಲೆ, ಕನ್ನಡದಲ್ಲಿ, ಒಂದು ಪತ್ರ ಬರೆಯಿರಿ. ಹೊಲದಲ್ಲಿ ಏನು ಬಿತ್ತಿದ್ದೀರಿ, ಮಳೆ ಎಷ್ಟಾಯಿತು, ಆಕಳು ಈಯಿತೇ, ಎಲ್ಲವೂ ಇರಲಿ. ಬರೆಯಲು ಬಾರದ ಹಿರಿಯರು ಹೇಳಲಿ, ಕನ್ನಡ ಶಾಲೆಗೆ ಹೋಗುವ ಮೊಮ್ಮಕ್ಕಳು ಬರೆದುಕೊಳ್ಳಲಿ. ಟಪಾಲು ಈಗ ಗೋಕಾಕರ ಕಾಲದಷ್ಟು ನಿಧಾನವಿಲ್ಲ.