ಬೆನ್ನ ಮೇಲೆ ಮಗುವನ್ನು ಹೊತ್ತ ಟೀಚರ್: ಸಾವಿತ್ರಿಬಾಯಿ ಫುಲೆ

ಸಾವಿತ್ರಿಬಾಯಿ ಫುಲೆ ಎಂಬ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟು ಬೀದಿಯಲ್ಲಿ ಸೆಗಣಿ, ಕೆಸರಿನ ಎರಚಾಟಕ್ಕೆ ಗುರಿಯಾದ ಧೀರ ಮಹಿಳೆ ಎಂದು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ, ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ. ಆದರೆ ಆಕೆ ತೀರಿಕೊಂಡದ್ದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. 1897ರ ಮಾರ್ಚ್ 10ರಂದು, ಪ್ಲೇಗ್ ಮಹಾಮಾರಿಯ ನಡುವೆ, ರೋಗಪೀಡಿತ ಹುಡುಗನೊಬ್ಬನನ್ನು ಆಸ್ಪತ್ರೆಗೆ ಸೇರಿಸಿದ ಬಳಿಕ ಅದೇ ರೋಗಕ್ಕೆ ಅವರು ಬಲಿಯಾದರು. ಆಗ ಅವರಿಗೆ 66 ವರ್ಷ.

ಕೋವಿಡ್ ಕಾಲವನ್ನು ಕಂಡುಬಂದಿರುವ ನಾವು ಈ ಜೀವನವನ್ನು ಇನ್ನೊಮ್ಮೆ ಓದಬೇಕು. ಏಕೆಂದರೆ ಮಕ್ಕಳನ್ನು ನೋಡಿಕೊಳ್ಳುವವರನ್ನು ಕಷ್ಟಕಾಲದಲ್ಲಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಅವರ ಬದುಕಿನ ಉದ್ದಕ್ಕೂ ಇದೆ.

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲರು. ಅಂದಿನ ರೂಢಿಯಂತೆ 1840ರಲ್ಲಿ, ಒಂಬತ್ತರ ಪ್ರಾಯದಲ್ಲಿ, ಪುಣೆಯ ಜ್ಯೋತಿರಾವ್ ಫುಲೆಯವರೊಂದಿಗೆ ಅವರ ಮದುವೆಯಾಯಿತು. ವರನಿಗೆ ಹದಿಮೂರು. ಹುಡುಗಿಗೆ ಓದು ಬರಹ ತಿಳಿದಿರಲಿಲ್ಲ.

ಆ ಮನೆಯಲ್ಲಿ ಸಗುಣಾಬಾಯಿ ಎಂಬ ಹಿರಿಯ ಹೆಂಗಸೊಬ್ಬರಿದ್ದರು. ಜ್ಯೋತಿರಾವ್ ಹಸುಳೆಯಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದರು. ಅವರನ್ನು ಎತ್ತಿ ಆಡಿಸಿ ಬೆಳೆಸಿದವರು ಬಾಲವಿಧವೆಯಾಗಿದ್ದ ಈ ಸಗುಣಾಬಾಯಿ. ಮಿಷನರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ಅವರು ಮಾಡಿದ್ದರು. ಮಗುವಿನ ಆರೈಕೆ ಎಂದರೆ ಬರೇ ಉಣಿಸಿ ಮಲಗಿಸುವುದಲ್ಲ, ಕಲಿಸುವುದೂ ಅದರಲ್ಲಿ ಸೇರಿದೆ ಎಂಬ ತಿಳಿವಳಿಕೆ ಆ ಮನೆಗೆ ಬಂದದ್ದು ಈ ತಾಯಿಯಿಂದ. ಜ್ಯೋತಿರಾವ್ ತಮ್ಮ ಹೆಂಡತಿಗೂ ಸಗುಣಾಬಾಯಿಗೂ ಒಟ್ಟಿಗೆ ಅಕ್ಷರ ಕಲಿಸಿದರು.

ಮುಂದೆ ಸಾವಿತ್ರಿಬಾಯಿ ಶಿಕ್ಷಕಿಯ ತರಬೇತಿ ಪಡೆದರು. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫರಾರ್ ಅವರ ಬಳಿ, ಹಾಗೂ ಪುಣೆಯಲ್ಲಿ ಮಿಚೆಲ್ ಎಂಬ ಮಹಿಳೆ ನಡೆಸುತ್ತಿದ್ದ ನಾರ್ಮಲ್ ಸ್ಕೂಲಿನಲ್ಲಿ ಅವರು ಕಲಿತರು. ಇದನ್ನು ನಾವು ಮುಖ್ಯವಾಗಿ ಗಮನಿಸಬೇಕು. ಮಕ್ಕಳನ್ನು ನೋಡಿಕೊಳ್ಳಲು ಪ್ರೀತಿ ಇದ್ದರೆ ಸಾಕು, ತರಬೇತಿ ಬೇಕಿಲ್ಲ ಎಂದು ಹೇಳುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಫುಲೆ ದಂಪತಿ ಹಾಗೆ ತಿಳಿಯಲಿಲ್ಲ.

1848ರಲ್ಲಿ ಪುಣೆಯ ಭಿಡೆವಾಡಾ ಎಂಬ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಭಾರತೀಯರೇ ನಡೆಸಿದ ಹೆಣ್ಣುಮಕ್ಕಳ ಮೊದಲ ಶಾಲೆಗಳಲ್ಲಿ ಅದೂ ಒಂದು. ಟೀಚರ್ ಆಗಿ ಹೋದ ಸಾವಿತ್ರಿಬಾಯಿಗೆ ಆಗ 17 ವರ್ಷ. ದಾರಿಯಲ್ಲಿ ಜನ ಬೈದರು, ಕೆಸರು ಎರಚಿದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಸೀರೆ ಬದಲಿಸಿ ಪಾಠ ಮಾಡುತ್ತಿದ್ದರು. ನೆರೆಹೊರೆಯವರ ಒತ್ತಡಕ್ಕೆ ಸಿಕ್ಕಿದ ಮಾವ 1849ರಲ್ಲಿ, ಶಾಲೆ ಬಿಡಿ ಇಲ್ಲವೇ ಮನೆ ಬಿಡಿ ಎಂದರು. ದಂಪತಿ ಮನೆ ಬಿಟ್ಟರು. ಆಗ ಅವರಿಗೆ ತಲೆಯ ಮೇಲೊಂದು ಸೂರು ಕೊಟ್ಟವರು ಉಸ್ಮಾನ್ ಶೇಖ್ ಎಂಬ ಗೆಳೆಯರು. ಫಾತಿಮಾ ಎಂಬ ಮಹಿಳೆ ಸಾವಿತ್ರಿಬಾಯಿಯ ಜೊತೆಗಾತಿಯಾಗಿ ಕೆಲಸಕ್ಕೆ ನಿಂತರು.

1851ರ ಹೊತ್ತಿಗೆ ಮೂರು ಶಾಲೆಗಳಾದವು. ಸುಮಾರು 150 ಹುಡುಗಿಯರು ಕಲಿಯುತ್ತಿದ್ದರು. ಬಡವರ ಮಕ್ಕಳು ಅರ್ಧದಲ್ಲೇ ಶಾಲೆ ಬಿಡದಂತೆ ಅವರಿಗೆ ಸ್ವಲ್ಪ ಹಣವನ್ನೂ ಕೊಡಲಾಗುತ್ತಿತ್ತು. ಕೂಲಿಗೆ ಹೋಗಬೇಕಾದ ಮಗು ತರಗತಿಯಲ್ಲಿ ಕೂರಬೇಕಾದರೆ ಆ ಮನೆಯ ಹಸಿವಿಗೂ ಏನಾದರೂ ದಾರಿ ಬೇಕು ಎಂಬುದು ಅವರಿಗೆ ಗೊತ್ತಿತ್ತು. 1852ರಲ್ಲಿ ಸರಕಾರ ಅವರ ಕೆಲಸವನ್ನು ಗುರುತಿಸಿ ಸನ್ಮಾನ ಮಾಡಿತು.

ಆದರೆ ಸನ್ಮಾನದಿಂದ ಶಾಲೆ ನಡೆಯುವುದಿಲ್ಲ. 1857ರ ದಂಗೆಯ ನಂತರ ಯುರೋಪಿಯನ್ನರಿಂದ ಬರುತ್ತಿದ್ದ ದೇಣಿಗೆ ನಿಂತುಹೋಯಿತು. ಸರಕಾರದ ನೆರವೂ ಹಿಂದೆ ಸರಿಯಿತು. ಆಡಳಿತ ಸಮಿತಿಯಲ್ಲಿ ಭಿನ್ನಾಭಿಪ್ರಾಯ ಬಂದು ಜ್ಯೋತಿರಾವ್ ಹೊರಬಂದರು. 1858ರ ಹೊತ್ತಿಗೆ ಆ ಮೂರೂ ಶಾಲೆಗಳು ಮುಚ್ಚಿದವು. ಕಲಿಸುವವರಲ್ಲಿ ಧೈರ್ಯವಿತ್ತು, ಕಲಿಯುವ ಮಕ್ಕಳಿದ್ದರು. ಇಲ್ಲದೆ ಹೋದದ್ದು ಹಿಂದೆ ನಿಲ್ಲುವವರು ಮಾತ್ರ. ದೇಶದಲ್ಲಿ ಗಂಡಾಂತರ ಬಂದಾಗ ಮೊದಲು ಕತ್ತರಿ ಬೀಳುವುದು ಮಕ್ಕಳಿಗಾಗಿ ಎತ್ತಿಟ್ಟ ಹಣಕ್ಕೇ ಎಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಇನ್ನೊಂದು ಸಣ್ಣ ಸಂಗತಿ ನಮ್ಮ ಮನಸ್ಸನ್ನು ತಟ್ಟುತ್ತದೆ. 1856ರಲ್ಲಿ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರುಮನೆಗೆ ಹೋಗಿ ಚೇತರಿಸಿಕೊಳ್ಳುತ್ತಿದ್ದರು. ಅಲ್ಲಿಂದ ಗಂಡನಿಗೆ ಬರೆದ ಕಾಗದದಲ್ಲಿ ಅವರು ಫಾತಿಮಾರನ್ನು ನೆನೆದಿದ್ದಾರೆ. ತಾವಿಲ್ಲದ್ದರಿಂದ ಅವರ ಮೇಲೆ ಕೆಲಸದ ಭಾರ ಹೆಚ್ಚಾಗಿರಬಹುದು, ಆದರೂ ಗೊಣಗುವವರಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಹಾಸಿಗೆ ಹಿಡಿದಿದ್ದಾಗಲೂ ತನ್ನ ಪಾಲಿನ ಮಕ್ಕಳನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ಎಷ್ಟು ಆಯಾಸವಾಗಿದೆ ಎಂದು ಯೋಚಿಸಿದ ಟೀಚರ್ ಅವರು. ಫಾತಿಮಾರ ಬಗ್ಗೆ ಚರಿತ್ರೆಯಲ್ಲಿ ಉಳಿದಿರುವುದು ಬಹಳ ಕಡಿಮೆ. ಆದರೆ ಸಾವಿತ್ರಿಬಾಯಿ ಹಾಸಿಗೆಯಲ್ಲಿದ್ದಾಗ ಶಾಲೆಯ ಬಾಗಿಲು ತೆರೆದಿಟ್ಟದ್ದು ಅವರೇ.

ಶಾಲೆ ಮುಚ್ಚಿದ ಮೇಲೂ ದಂಪತಿ ಮಕ್ಕಳ ಕೈ ಬಿಡಲಿಲ್ಲ. ಸಮಾಜಕ್ಕೆ ಹೆದರಿ ಹಸುಗೂಸುಗಳನ್ನು ಕೊಲ್ಲುವ ಸ್ಥಿತಿಗೆ ಬಂದಿದ್ದ ವಿಧವೆಯರಿಗಾಗಿ ಅವರು ತಮ್ಮ ಮನೆಯಲ್ಲೇ ಆಶ್ರಯ ತೆರೆದರು. ಗುಟ್ಟಾಗಿ ಬಂದು ಹೆರಿಗೆ ಮಾಡಿಸಿಕೊಳ್ಳಬಹುದು, ಬೇಕಿದ್ದರೆ ಮಗುವನ್ನು ಅಲ್ಲೇ ಬಿಟ್ಟುಹೋಗಬಹುದು ಎಂಬ ಏರ್ಪಾಡು. ಹಾಗೆ ಬಂದ ಒಬ್ಬ ವಿಧವೆಯ ಮಗನನ್ನು, ಸ್ವಂತ ಮಕ್ಕಳಿಲ್ಲದ ಈ ದಂಪತಿ 1874ರಲ್ಲಿ ದತ್ತು ತೆಗೆದುಕೊಂಡರು. ಯಶವಂತ ಎಂದು ಹೆಸರಿಟ್ಟು ಬೆಳೆಸಿ ವೈದ್ಯನನ್ನಾಗಿ ಮಾಡಿದರು.

1876-77ರ ಭೀಕರ ಬರಗಾಲ ಬಂತು. ಸಾವಿತ್ರಿಬಾಯಿ ಜುನ್ನರ್ ಕಡೆಯ ಓತೂರಿನಲ್ಲಿ ನಿಂತು ಪರಿಹಾರ ಕಾರ್ಯದಲ್ಲಿ ತೊಡಗಿದರು. ಅಲ್ಲಿಂದ ಅವರು ಗಂಡನಿಗೆ ಬರೆದ ಕಾಗದ ಇಂದಿಗೂ ಲಭ್ಯವಿದೆ. ಪುಣೆಯ ಬಳಿಯ ಧನಕವಡಿಯಲ್ಲಿ ಹಸಿದ ಮಕ್ಕಳಿಗಾಗಿ ಬಾಲಾಶ್ರಮ ನಡೆಯಿತು. 1873ರಲ್ಲಿ ಸ್ಥಾಪನೆಯಾಗಿದ್ದ ಸತ್ಯಶೋಧಕ ಸಮಾಜದ ಕಾರ್ಯಕರ್ತರು ಈ ಕೆಲಸಕ್ಕೆ ಕೈ ಜೋಡಿಸಿದರು. ಈ ಸಲ ಅವರು ಒಂಟಿಯಾಗಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇಲ್ಲದ ಬೆಂಬಲಿಗರ ಬಳಗ ಈಗ ಜೊತೆಗಿತ್ತು.

1890ರ ನವೆಂಬರ್ 28ರಂದು ಜ್ಯೋತಿರಾವ್ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಗಂಡಸರೇ ಹಿಡಿಯಬೇಕಾದ ಮಡಕೆಯನ್ನು ಸಾವಿತ್ರಿಬಾಯಿ ತಾವೇ ಹಿಡಿದು ಮುಂದೆ ನಡೆದರು. ಸಮಾಜದ ಹೊಣೆಯೂ ಅವರ ಹೆಗಲಿಗೆ ಬಂತು. 1893ರಲ್ಲಿ ಸಾಸವಡದಲ್ಲಿ ನಡೆದ ಸತ್ಯಶೋಧಕ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು.

ಆ ಮೇಲೆ ಬಂದದ್ದು ಪ್ಲೇಗ್. 1894ರಲ್ಲಿ ಹಾಂಕಾಂಗ್‌ನಲ್ಲಿ ಹಬ್ಬಿದ ಈ ರೋಗ ಹಡಗಿನ ದಾರಿಯಲ್ಲಿ 1896ರಲ್ಲಿ ಮುಂಬಯಿಗೆ ಬಂತು, ಅಲ್ಲಿಂದ ಪುಣೆಗೆ ಹರಡಿತು. ಮುಂದಿನ ವರ್ಷಗಳಲ್ಲಿ ನಮ್ಮ ಮಂಗಳೂರನ್ನೂ ಮುಟ್ಟಿತು. ಕಂಕನಾಡಿಯ ಫಾದರ್ ಆಗುಸ್ಟಸ್ ಮುಲ್ಲರ್ ಪ್ಲೇಗ್ ರೋಗಿಗಳಿಗೆ ಆಸ್ಪತ್ರೆ ತೆರೆದದ್ದನ್ನು ಕರಾವಳಿಯ ನಾವು ಮರೆತಿಲ್ಲ. ಪ್ಲೇಗಿಗೆ ಆಗ ಮದ್ದೆಂಬುದೇ ಇರಲಿಲ್ಲ. ರೋಗದ ಭಯ ಒಂದು ಕಡೆಯಾದರೆ ಸರಕಾರಿ ತಪಾಸಣೆಯ ಭಯ ಇನ್ನೊಂದು ಕಡೆ. ಜನ ರೋಗಿಗಳನ್ನು ಬಚ್ಚಿಟ್ಟರು, ಕೆಲವರು ಬಿಟ್ಟು ಓಡಿದರು.

ಡಾಕ್ಟರ್ ಯಶವಂತ ಪುಣೆಯ ಹೊರವಲಯದ ಹಡಪಸರದ ಬಳಿ, ಊರಿನಿಂದ ದೂರವಾದ ಬಯಲಲ್ಲಿ ಚಿಕಿತ್ಸಾಲಯ ತೆರೆದರು. ಸಾವಿತ್ರಿಬಾಯಿ ಮನೆಯಲ್ಲಿ ಕೂರಲಿಲ್ಲ. ರೋಗಿಗಳನ್ನು ಹುಡುಕಿ ಕರೆತರುವ ಕೆಲಸವನ್ನು ತಾವೇ ವಹಿಸಿಕೊಂಡರು. ಮುಂಢವಾ ಎಂಬಲ್ಲಿನ ದಲಿತ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ತಗುಲಿದೆ ಎಂದು ತಿಳಿದಾಗ ಅಲ್ಲಿಗೆ ಹೋದರು, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಹುಡುಗ ಬದುಕಿದ. ರೋಗಿಗಳ ನಡುವೆಯೇ ಇದ್ದ ಸಾವಿತ್ರಿಬಾಯಿಗೆ ರೋಗ ಅಂಟಿ, ಮಾರ್ಚ್ 10ರ ರಾತ್ರಿ ಅವರು ಪ್ರಾಣ ಬಿಟ್ಟರು. ಮುಂದೆ ಮಗ ಯಶವಂತನನ್ನೂ ಇದೇ ಪ್ಲೇಗ್ ಬಲಿ ತೆಗೆದುಕೊಂಡಿತು.

ಈ ಬಲಿದಾನವನ್ನು ನಾವು ಹೊಗಳುತ್ತೇವೆ. ಭಾರತ ಸರಕಾರ 1998ರಲ್ಲಿ ಅವರ ಅಂಚೆಚೀಟಿ ತಂದಿತು. ಪುಣೆ ವಿಶ್ವವಿದ್ಯಾನಿಲಯಕ್ಕೆ ಈಗ ಅವರದೇ ಹೆಸರು. ಇದೆಲ್ಲ ಆಗಬೇಕಾದದ್ದೇ. ಆದರೆ 66 ವರ್ಷದ ಹೆಂಗಸೊಬ್ಬರು ಹತ್ತು-ಹನ್ನೊಂದು ವರ್ಷದ ಹುಡುಗನನ್ನು ತಾವೇ ಹೊತ್ತು ನಡೆಯಬೇಕಾಗಿ ಬಂದದ್ದು ಏಕೆ? ಹೊರಲು ಇನ್ನೊಂದು ಹೆಗಲು ಇರಲಿಲ್ಲವೇ? ಹೊಗಳಿಕೆಯ ನಡುವೆ ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಅವರ ಬದುಕಿನಿಂದ ನಾವು ಅರ್ಧವನ್ನಷ್ಟೇ ಕಲಿತಂತೆ.

ಕೋವಿಡ್ ಜಾಗತಿಕ ಮಹಾಮಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2020ರ ಮಾರ್ಚ್ 11ರಂದು. ಅದೇ ತಿಂಗಳು ನಮ್ಮ ರಾಜ್ಯದ ಅಂಗನವಾಡಿಗಳು ಮುಚ್ಚಿದವು. ಮಕ್ಕಳು ಬರಲಿಲ್ಲವಾದರೂ ಕಾರ್ಯಕರ್ತೆಯರಿಗೆ ರಜೆ ಸಿಗಲಿಲ್ಲ. ಆಹಾರದ ಪೊಟ್ಟಣ ಹಿಡಿದು ಮನೆ ಮನೆಗೆ ಹೋದರು, ಸಮೀಕ್ಷೆಗೆ ಹೋದರು, ಜ್ವರ ಇದೆಯೇ ಎಂದು ಬಾಗಿಲು ಬಡಿದು ಕೇಳಿದರು. ಮತ್ತೆ ಮಕ್ಕಳ ದನಿ ಕೇಳಿಸಿದ್ದು 2021ರ ನವೆಂಬರಿನಲ್ಲಿ. ಇತ್ತ ಖಾಸಗಿ ಎಲ್‌ಕೆಜಿ, ಯುಕೆಜಿ ನಡೆಸುವವರ ಕಷ್ಟ ಬೇರೆ. ಮಕ್ಕಳಿಲ್ಲ ಎಂದರೆ ಫೀಸ್ ಇಲ್ಲ, ಫೀಸ್ ಇಲ್ಲ ಎಂದರೆ ಟೀಚರಿಗೂ ಆಯಾಗೂ ಸಂಬಳ ಇಲ್ಲ. ಸಂಬಳ ನಿಂತ ಟೀಚರುಗಳು ಬೀಡಿ ಕಟ್ಟಿದರು, ಹೊಲಿಗೆ ಹಿಡಿದರು. 2021ರ ಜೂನ್‌ನಲ್ಲಿ ರಾಜ್ಯ ಸರಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ರೂಪಾಯಿ, ಅಂಗನವಾಡಿ ಕಾರ್ಯಕರ್ತೆಯರಿಗೆ ಹಾಗೂ ಸಹಾಯಕಿಯರಿಗೆ 2,000 ರೂಪಾಯಿ ಘೋಷಿಸಿತು. ಒಂದೂಕಾಲು ವರ್ಷದ ಸಂಕಷ್ಟಕ್ಕೆ ಅದು ಎಷ್ಟು ದಿನದ ಗಂಜಿ ಎಂಬುದನ್ನು ನಾವೇ ಲೆಕ್ಕ ಹಾಕಬಹುದು.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆಗ ಆಯ್ದ 33 ಪ್ರದೇಶಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅಷ್ಟು ಹಳೆಯ ಸೇವೆಯಾದರೂ ಅಲ್ಲಿ ದುಡಿಯುವವರಿಗೆ ಸಿಗುವುದು ಗೌರವಧನ ಮಾತ್ರ, ಸಂಬಳವಲ್ಲ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2022ರಲ್ಲಿ.

ಸಾವಿತ್ರಿಬಾಯಿಯ ಬದುಕನ್ನು ಕೂಡಿಸಿ ಕಳೆದು ನೋಡಿದರೆ ನಮಗೆ ತಿಳಿಯುವುದಿಷ್ಟು. ಅವರಿಗೆ ಕಲಿಸಿದವರಿದ್ದರು, ಮನೆ ಕೊಟ್ಟವರಿದ್ದರು, ಕಾಯಿಲೆ ಬಿದ್ದಾಗ ತರಗತಿ ನೋಡಿಕೊಂಡ ಜೊತೆಗಾತಿ ಇದ್ದರು. ಇವರೆಲ್ಲ ಇದ್ದಾಗ ಕೆಲಸ ನಡೆಯಿತು. ಹಣ ನಿಂತಾಗ ಶಾಲೆ ನಿಂತಿತು. ಭಾರವೆಲ್ಲ ಒಬ್ಬರ ಬೆನ್ನಿಗೇ ಬಿದ್ದಾಗ ಪ್ರಾಣವೇ ಹೋಯಿತು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಮ್ಮ ವಾಳೆಯ ಬಾಲವಾಡಿಯಲ್ಲಿ, ಶಿಶುವಿಹಾರದಲ್ಲಿ, ಊರಿನ ಅಂಗನವಾಡಿಯಲ್ಲಿ ದುಡಿಯುವವರ ಹೆಸರು ನಮಗೆ ಗೊತ್ತಿದೆಯೇ ಎಂದು ಮೊದಲು ಕೇಳಿಕೊಳ್ಳೋಣ. ಅವರಲ್ಲಿ ಯಾರಾದರೂ ಹುಷಾರಿಲ್ಲದೆ ಮಲಗಿದರೆ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರನ್ನು ಈಗಲೇ ತಯಾರು ಮಾಡೋಣ. ಶಾಲೆ ನಡೆಸುವ ಸಮಿತಿಗಳು ಕಷ್ಟಕಾಲದ ಕೆಲವು ತಿಂಗಳ ಸಂಬಳಕ್ಕಾಗುವಷ್ಟು ಹಣವನ್ನು ಬೇರೆಯಾಗಿ ಇಡಲಿ. ಫೀಸ್ ಕಟ್ಟಬಲ್ಲವರು ಬಾಗಿಲು ಮುಚ್ಚಿದ ತಿಂಗಳಲ್ಲೂ ಸ್ವಲ್ಪವಾದರೂ ಕಟ್ಟಲಿ. ಇನ್ನೊಂದು ರೋಗ ಯಾವಾಗ ಬರುತ್ತದೆ ಎಂದು ಹೇಳಬಲ್ಲವರಿಲ್ಲ. ಬಂದಾಗ ಮಗುವನ್ನು ಎತ್ತಿಕೊಳ್ಳಲು ಓಡುವವರು ಇವರೇ. ಆ ಹೊತ್ತಿನಲ್ಲಿ ಅವರು ಒಂಟಿಯಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ನಮ್ಮದು.